ಎರಡು ಪೀಪಾಯಿಗಳ ನಡುವೆ

ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಆಂಬ್ರೋಸ್ ಡಿನ್ಸ್‌ಡೇಲ್ ಮೂರನೆಯ ಸಲ ಉಸಿರೆಳೆದುಕೊಂಡ. ಏನೂ ಬರಲಿಲ್ಲ. ಒಣಗಿದ ಬಾವಿಗಿಳಿಸಿದ ಕೊಡದಂತೆ ಉಸಿರು ಒಳಗೆ ಹೋಗಿ ಬರಿದಾಗಿಯೇ ಹಿಂದಿರುಗಿತು. ನೆಲಮಾಳಿಗೆಯ ಸುಣ್ಣದ ಗೋಡೆ, ಒದ್ದೆ ಕಲ್ಲು, ಮರದ ಅಡ್ಡೆಯ ಮೇಲೆ ಮಲಗಿದ ಪೀಪಾಯಿಗಳು, ಎಲ್ಲವೂ ಮೊದಲಿನ ಜಾಗದಲ್ಲೇ ಇದ್ದವು. ಅವುಗಳ ವಾಸನೆಯೊಂದೇ ಇರಲಿಲ್ಲ.

ಜನವರಿಯಲ್ಲಿ ಬಂದ ಜ್ವರ ಒಂಬತ್ತು ದಿನಕ್ಕೆ ಬಿಟ್ಟಿತ್ತು. ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಗಿತ್ತು. ಆಂಬ್ರೋಸ್ ಯಾರಿಗೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ಇಂಗ್ಲೆಂಡಿನ ಆ ಕಣಿವೆಗೆಲ್ಲ ತನ್ನ ಪಬ್ಬಿನಿಂದ ಬಿಟರ್ ಎಂಬ ಕಹಿ ಬಿಯರ್ ಕೊಟ್ಟ ಕೈ ಅದು. ಗುಡ್ಡ ಹತ್ತಬೇಕಾದವರಿಗೆ ಸಾದಾ ಬಿಟರ್, ಕೆಲಸ ಮುಗಿಸಿ ಕೂತವರಿಗೆ ತುಸು ದಟ್ಟ ರುಚಿಯ ಬೆಸ್ಟ್ ಬಿಟರ್, ಚಳಿಗಾಲದ ಸಂಜೆಗೆ ಅರ್ಧ ಗ್ಲಾಸು ಗಟ್ಟಿಯದು. ಬಂದವರ ಮುಖ ನೋಡಿಯೇ ಆರಿಸಿ ಕೊಡುತ್ತಿದ್ದ. ಈಗ ಪೀಪಾಯಿಯ ಮುಖ ಮಾತ್ರ ಅವನಿಗೆ ತಿಳಿಯದಾಗಿತ್ತು. ಗ್ಲಾಸನ್ನು ದೀಪಕ್ಕೆ ಹಿಡಿದು, ತಿಳಿಯಾಗಿದ್ದರೆ ಒಳ್ಳೆಯದು, ಕದಡಿದ್ದರೆ ಇನ್ನೂ ಕಾಯಬೇಕು ಎಂದು ಕಣ್ಣಿನಿಂದಲೇ ದಿನ ದೂಡುತ್ತಿದ್ದ.

ಎರಡು ವಾರದ ಹಿಂದೆ ಗುಡ್ಡ ಇಳಿದು ಬಂದ ಅಪರಿಚಿತನೊಬ್ಬ ಗ್ಲಾಸನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಸ್ವಲ್ಪ ಹುಳಿಯಾಗಿದೆ ಎಂದಿದ್ದ. ಹಾಗೆ ಹಿಂದೆ ಬಂದ ಗ್ಲಾಸಿನಿಂದ ಪಬ್ಬಿನ ಯಜಮಾನ ಒಂದು ಗುಟುಕು ಕುಡಿದು, ಮಾತಾಡದೆ ಚೆಲ್ಲಿ, ಬೇರೆ ತುಂಬಿಸಿ ಕೊಡುವುದು ಅಲ್ಲಿಯ ನಡತೆ. ಆಂಬ್ರೋಸ್ ಕುಡಿದ. ಬಾಯಿ ಒದ್ದೆಯಾಯಿತು, ಅಷ್ಟೆ. ಕಿಟಕಿಗೆ ಹಿಡಿದು ನೋಡಿದ. ಜೇನಿನಂತೆ ತಿಳಿಯಾಗಿತ್ತು. ಚೆನ್ನಾಗೇ ಇದೆಯಲ್ಲ ಎಂದುಬಿಟ್ಟ. ಆ ಮನೆಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಬೆಂಕಿಯ ಪಕ್ಕದಲ್ಲಿದ್ದ ಕುರಿ ಸಾಕುವ ಸೆತ್ ಆ ಗ್ಲಾಸನ್ನು ಎಳೆದುಕೊಂಡು ರುಚಿ ನೋಡಿದ.

"ಆಂಬ್ರೋಸ್, ಇದನ್ನ ನನ್ನ ಚಿಪ್ಸ್ ಮೇಲೆ ಹುಯ್ದು ಕೊಡಪ್ಪ. ವಿನೆಗರ್ ಖರ್ಚಾದ್ರೂ ಉಳಿಯುತ್ತೆ."

ಎಲ್ಲರೂ ನಕ್ಕರು. ಆಂಬ್ರೋಸನೂ ನಕ್ಕ. ಆದರೆ ಅಂದಿನಿಂದ ಅವನ ಎದೆಯಲ್ಲಿ ಭಯವೊಂದು ಮನೆ ಮಾಡಿತು. ಪ್ರತಿ ಗ್ಲಾಸಿನ ಮೊದಲ ಗುಟುಕಿಗೂ ಕುಡಿಯುವವನ ಹುಬ್ಬನ್ನು, ಗಂಟಲನ್ನು ಕಳ್ಳನ ಹಾಗೆ ನೋಡುತ್ತ ನಿಲ್ಲುತ್ತಿದ್ದ.

ಆ ಅಪರಿಚಿತ, ಬಿಟರ್ ಮಾಡುವ ಕಂಪನಿಗೆ ದೂರಿನ ಕಾಗದ ಬರೆದಿದ್ದ. ಪಬ್ಬು ಕಂಪನಿಯದು; ಆಂಬ್ರೋಸನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಹೆಬ್ಡನ್ ಎಂಬ ಮೇಲ್ವಿಚಾರಕ ಇಂದು ಮಧ್ಯಾಹ್ನ ಹನ್ನೆರಡಕ್ಕೆ ಬರುವವನಿದ್ದ. ಬಂದವನು ಕೇಳುವುದು ಬೆಸ್ಟ್ ಬಿಟರನ್ನೇ. ಅದರ ಪೀಪಾಯಿಗಳು ಎರಡಿದ್ದವು. ಒಂದಕ್ಕೆ ನಲ್ಲಿ ಬಡಿದು ತೆರೆದು ಆರು ದಿನವಾಗಿತ್ತು. ಗ್ಲಾಸಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದಕ್ಕೆ ನಿನ್ನೆಯಷ್ಟೇ ಬಡಿದದ್ದು. ಅದರಲ್ಲಿ ಬೆಳಗಿನ ಮಂಜಿನಂಥ ತೆಳು ಪೊರೆ ಇತ್ತು. ಕಣ್ಣು ಮೊದಲನೆಯದನ್ನು ಆರಿಸುತ್ತಿತ್ತು. ಆದರೆ ಸೆತ್ ಗೇಲಿ ಮಾಡಿದ ಗ್ಲಾಸು ಕೂಡ ಹೀಗೆಯೇ ಹೊಳೆದಿತ್ತಲ್ಲವೇ?

ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದಾಯಿತು. ಇಳಿದು ಬಂದವಳು ಹೆಂಡತಿ ಡಾರ್ಕಸ್. ಆಂಬ್ರೋಸ್ ಗ್ಲಾಸನ್ನು ಕೆಳಗಿಟ್ಟ. ಅವಳು ನೆಲಮಾಳಿಗೆಗೆ ಕಾಲಿಟ್ಟವಳೇ ಅಲ್ಲ. ಹನ್ನೊಂದರ ವಯಸ್ಸಿನಲ್ಲಿ ಗುಡ್ಡದ ಮೇಲಿನ ಪ್ರಾರ್ಥನಾಮಂದಿರದಲ್ಲಿ, ಜೀವ ಇರುವವರೆಗೂ ಮದ್ಯ ಮುಟ್ಟುವುದಿಲ್ಲವೆಂದು ದೇವರ ಮುಂದೆ ಮಾತು ಕೊಟ್ಟವಳು. ಪಬ್ಬಿನವನನ್ನು ಮೆಚ್ಚಿ ಮದುವೆಯಾದಳು, ಮಾತನ್ನು ಮಾತ್ರ ಬಿಡಲಿಲ್ಲ. ಅಡುಗೆ ಅವಳದು, ಬಿಟರ್ ಅವನದು. ಎಂಜಲು ಗ್ಲಾಸುಗಳನ್ನು ಸಹ ಇಷ್ಟು ವರ್ಷವೂ ಆಂಬ್ರೋಸನೇ ತೊಳೆದಿದ್ದ.

"ಹನ್ನೆರಡಕ್ಕೆ ಹತ್ತು ನಿಮಿಷ ಇದೆ," ಎಂದಳು ಡಾರ್ಕಸ್.

"ಬಂದೆ. ನೀನು ಮೇಲೆ ಹೋಗು."

"ಫೆಬ್ರವರಿಲಿ ಹಾಲು ಸೀದು ಮನೆಯೆಲ್ಲ ವಾಸನೆ ತುಂಬಿದಾಗ ನೀನು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ. ನೀನೇ ಹೇಳ್ತೀಯ ಅಂತ ಕಾದೆ."

ಆಂಬ್ರೋಸ್ ತಲೆ ತಗ್ಗಿಸಿದ. ಅವನು ಎರಡೂ ಪೀಪಾಯಿಗಳಿಂದ ತುಂಬಿಸಿಟ್ಟಿದ್ದ ಗ್ಲಾಸುಗಳನ್ನು ಅವಳು ಒಂದಾದ ಮೇಲೊಂದರಂತೆ ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದಳು.

"ಎರಡೂ ನಿನ್ನ ಅಂಗಿ ವಾಸನೆನೇ. ಇದರಲ್ಲಿ ನಂಗೇನು ಗೊತ್ತಾಗುತ್ತೆ?"

"ಬಿಡು ಡಾರ್ಕಸ್. ಏನಾಗುತ್ತೋ ಆಗ್ಲಿ."

ಅವಳು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡಳು. ತುಟಿ ಅಲುಗಿದ್ದು ಆಂಬ್ರೋಸನಿಗೆ ಕಾಣಿಸಿತು. ಏನು ಹೇಳಿಕೊಂಡಳೋ ಕೇಳಿಸಲಿಲ್ಲ. ಅವನು ಕೈ ಚಾಚುವಷ್ಟರಲ್ಲಿ ಹೊಳೆಯುವ ಗ್ಲಾಸಿನಿಂದ ಒಂದು ಗುಟುಕು ಕುಡಿದಿದ್ದಳು. ಮುಖ ಕಿವುಚಿದಳು. ನೀರು ಮುಕ್ಕಳಿಸಿ ಉಗಿದು, ಎರಡನೆಯದನ್ನು ಕುಡಿದಳು. ಈ ಸಲ ಉಗಿಯಲಿಲ್ಲ.

"ಮೊದಲನೇದು ಈರುಳ್ಳಿ ಉಪ್ಪಿನಕಾಯಿ ಜಾಡಿ ತೊಳೆದ ನೀರು. ಇದು ಕಹಿ. ಆದ್ರೆ ಕಿತ್ತಳೆ ಸಿಪ್ಪೆ ಮುರಬ್ಬದ್ದು ಇರುತ್ತಲ್ಲ, ಆ ಥರದ ಕಹಿ. ಹಿಂದಿನಿಂದ ರೊಟ್ಟಿ ಅಂಚು ಅಗಿದ ಹಾಗೆ ಬರುತ್ತೆ." ಗ್ಲಾಸನ್ನು ಅವನ ಕೈಗಿಟ್ಟು, ಹಿಂದೆ ನೋಡದೆ ಮೇಲೆ ಹೋದಳು.

ಹೆಬ್ಡನ್ ಮಿತಭಾಷಿ. ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಮೊದಲು ನೆಲಮಾಳಿಗೆಗೆ ಹೋಗಿ ಒಬ್ಬನೇ ನೋಡಿ ಬಂದ. ಆಮೇಲೆ ಬೆಸ್ಟ್ ಬಿಟರ್ ಕೇಳಿದ. ಆಂಬ್ರೋಸ್ ನಿನ್ನೆಯ ಪೀಪಾಯಿಯದನ್ನೇ ತಂದಿಟ್ಟ. ಹೆಬ್ಡನ್ ಗ್ಲಾಸನ್ನು ಕಿಟಕಿಯ ಬೆಳಕಿಗೆತ್ತಿದ. ಆ ತೆಳು ಪೊರೆ ಈಗ ಕಾರ್ಮೋಡದಷ್ಟು ದಪ್ಪವಾಗಿ ಆಂಬ್ರೋಸನಿಗೆ ಕಂಡಿತು. ದೇವರೇ, ಅವಳು ಕೊಟ್ಟ ಮಾತು ಮುರಿದದ್ದು ಇದಕ್ಕೇನಾ ಎಂದುಕೊಂಡ. ಹೆಬ್ಡನ್ ಕುಡಿದ. ಕೆಳಗಿಟ್ಟ. ಹುಬ್ಬು ಅಲುಗಲಿಲ್ಲ. ಮತ್ತೆ ಕುಡಿದ, ಈ ಸಲ ಅರ್ಧ ಗ್ಲಾಸು.

"ಕೆಳಗೆ ಕನ್ನಡಿ ಹಾಗೆ ಇರೋದು ಇನ್ನೊಂದಿದೆ. ಯಾರೇ ಆದ್ರೂ ನನಗೆ ಅದನ್ನೇ ಕೊಡ್ತಿದ್ರು. ನೀವು ಯಾಕೆ ಕೊಡ್ಲಿಲ್ಲ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯಲ್ಲಿ ಡಾರ್ಕಸ್ ಬಾಯಿ ತೊಳೆಯಲು ಬಿಟ್ಟ ನಲ್ಲಿಯ ನೀರು ಆಗಿನಿಂದಲೂ ಸುರಿಯುತ್ತಲೇ ಇದ್ದುದು ಕೇಳಿಸಿತು.

"ಆರಿಸಿದ್ದು ನಾನಲ್ಲ, ಮಿಸ್ಟರ್ ಹೆಬ್ಡನ್. ಜ್ವರ ಬಂದ ಮೇಲೆ ನನಗೆ ವಾಸನೆನೂ ಇಲ್ಲ, ರುಚಿನೂ ಇಲ್ಲ. ನನ್ನ ಹೆಂಡತಿ ಆರಿಸಿದ್ದು."

"ಅವರು ಪ್ರಾರ್ಥನಾಮಂದಿರದವರು, ಕುಡಿಯೋದೇ ಇಲ್ಲ ಅಂತ ಕೇಳಿದ್ದೆ."

"ಇವತ್ತು ಬೆಳಿಗ್ಗೆವರೆಗೂ ಇಲ್ಲ."

ಹೆಬ್ಡನ್ ಉಳಿದದ್ದನ್ನು ನಿಧಾನವಾಗಿ ಮುಗಿಸಿದ. ಕೋಟಿನಿಂದ ಗುತ್ತಿಗೆಯ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಬಿಟರಿನ ರುಚಿ ಬಲ್ಲವರು ಒಬ್ಬರು ದಿನವೂ ಮನೆಯಲ್ಲಿರಬೇಕು, ಅವರ ಸಹಿಯೂ ಇದರಲ್ಲಿ ಬೇಕು, ಇಲ್ಲದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ತಿಳಿಸಿ, ಸೋಮವಾರದವರೆಗೆ ಸಮಯ ಕೊಟ್ಟು ಹೊರಟ.

ಆಂಬ್ರೋಸ್ ಕಾಗದವನ್ನು ಮಡಚಿಕೊಂಡು ಅಡುಗೆಮನೆಗೆ ಹೋದ. ನಲ್ಲಿ ನಿಲ್ಲಿಸಿದ. ಡಾರ್ಕಸ್ ಹಿತ್ತಲ ಬಾಗಿಲಿನ ಕಲ್ಲು ಮೆಟ್ಟಿಲ ಮೇಲೆ, ಗುಡ್ಡಕ್ಕೆ ಮುಖಮಾಡಿ ಕೂತಿದ್ದಳು. ದೂರದ ಹೊಲದಲ್ಲಿ ಈಗಷ್ಟೇ ಹುಟ್ಟಿದ ಕುರಿಮರಿಗಳು ತಾಯಿಯನ್ನು ಕರೆಯುತ್ತಿದ್ದವು. ಒಂದು ದಿನಕ್ಕೆ ಮುರಿದದ್ದನ್ನು ಪ್ರತಿದಿನವೂ ಮುರಿ ಎಂದು ಹೇಗೆ ಕೇಳುವುದು? ಅವನು ಬಾಗಿಲಲ್ಲೇ ನಿಂತ.

"ಕೇಳಿಸ್ತು," ಎಂದಳು ಅವಳು, ತಿರುಗದೆ.

ಅವನು ಮಡಚಿದ ಕಾಗದವನ್ನು ಜೇಬಿಗೆ ಸೇರಿಸಿದ.

"ಬೆಳಿಗ್ಗೆ ಎಷ್ಟು ಗಂಟೆಗೆ ನೋಡೋದು ಪೀಪಾಯಿನ?"

"ಏಳಕ್ಕೆ."

"ಹಾಗಾದ್ರೆ ಆರಕ್ಕೆ ಏಳ್ತೀನಿ. ಪ್ರಾರ್ಥನೆಗೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಗುತ್ತೆ."

ಗಾಳಿ ತಣ್ಣಗಿತ್ತು. ಡಾರ್ಕಸ್ ಲಂಗದ ಅಂಚನ್ನು ಒತ್ತರಿಸಿಕೊಂಡು, ಕಲ್ಲಿನ ಮೇಲೆ ಒಬ್ಬರಿಗಾಗುವಷ್ಟು ಪಕ್ಕಕ್ಕೆ ಸರಿದಳು.