ಜಾಡಿನ ನಡುವಿನ ದಿಬ್ಬ

ಪಾರಿಶ್ವಾಡದ ಬೀಗರ ಮನೆಯ ಅಂಗಳದಲ್ಲಿ, ತನ್ನ ಹೊಸ ಸಣ್ಣ ಕಾರಿನ ಪಕ್ಕ ಗುರುಪುತ್ರಪ್ಪ ಮೊಣಕಾಲೂರಿ ಕೂತು ಅದರ ಹೊಟ್ಟೆಯ ಕೆಳಗೆ ಕೈ ತೂರಿಸಿದ. ಕಿರುಬೆರಳನ್ನು ನೆಲಕ್ಕೆ ಊರಿ ಹೆಬ್ಬೆರಳನ್ನು ಮೇಲಕ್ಕೆ ಚಾಚುವಷ್ಟರಲ್ಲೇ ತಗಡು ತಾಗಿತು. ಒಂದು ಗೇಣೂ ಪೂರಾ ಇಲ್ಲ. ಬೆಳಗಾವಿಯ ಉದ್ಯಮಬಾಗಿನಲ್ಲಿ ಇಪ್ಪತ್ತು ವರ್ಷ ಲೇಥ್ ಮಷೀನಿನ ಮುಂದೆ ನಿಂತವನ ಕೈ ಅದು, ಅಳತೆ ತಪ್ಪುವ ಕೈಯಲ್ಲ. ಬೆಳಿಗ್ಗೆ ಬರುವಾಗ ಕಾರಿನಲ್ಲಿ ತಾನು ಮತ್ತು ಹೆಂಡತಿ ಗಂಗಾದೇವಿ ಇಬ್ಬರೇ. ಆಗಲೇ ಡಾಂಬರು ಬಿಟ್ಟು ಈ ಕಡೆ ತಿರುಗಿದ ಚಕ್ಕಡಿ ದಾರಿಯಲ್ಲಿ ಎರಡು ಸಲ ತಳ ಕೆರೆದಿತ್ತು. ವಾಪಸು ಹೋಗುವಾಗ ಏಳು ತಿಂಗಳ ಬಸುರಿ ಮಗಳು ಕಾಂತಾ ಇದರಲ್ಲಿ ಕೂತಿರುತ್ತಾಳೆ.

ಸುತ್ತ ನಿಂತ ಓಣಿಯ ಮಂದಿಗೆ ಅದೊಂದು ಚೇಷ್ಟೆ.

"ಬೀಗರ, ಮರಿ ಒಂದ ಬಂದೈತಲ್ರಿ. ಇದರ ಅವ್ವ ಹಿಂದ ಬರಾಕತ್ತೈತೇನು?"

"ಸುಮ್ಕಿರಲೇ, ಅದು ಪ್ಯಾಟಿ ಕಾರು. ರಾಡಿಯೊಳಗ ಸಿಕ್ರ ಕಂಕುಳಾಗ ಎತ್ಕೊಂಡ ಹೋಗೂದು!"

ಗುರುಪುತ್ರಪ್ಪನೂ ನಕ್ಕ. ನಗುತ್ತಲೇ ಮತ್ತೊಮ್ಮೆ ಕಾರಿನ ಕೆಳಗೆ ಬಗ್ಗಿ ನೋಡಿದ.

ಈ ಕಾರು ಅವನು ಷೋಕಿಗೆ ತಂದದ್ದಲ್ಲ. ಹೋದ ವರ್ಷ, ಎಂಬತ್ನಾಲ್ಕರಲ್ಲಿ, ಕಾಂತಾ ಮೊದಲ ಸಲ ಬಸುರಾಗಿದ್ದಾಗ ಐದನೇ ತಿಂಗಳಲ್ಲಿ ಅವನೇ ಬಂದು ಅವಳನ್ನು ತವರಿಗೆಂದು ಬಸ್ಸು ಹತ್ತಿಸಿದ್ದ. ಕೊನೆಯ ಸೀಟು ಸಿಕ್ಕಿತ್ತು. ಖಾನಾಪುರ ದಾಟಿ ದೇಸೂರು ಬರುವಷ್ಟರಲ್ಲಿ ಹುಡುಗಿಯ ಮುಖ ಬೆಳ್ಳಗಾಗಿ ಸೀರೆ ರಕ್ತದಲ್ಲಿ ತೊಯ್ದಿತ್ತು. ಕೂಸು ಉಳಿಯಲಿಲ್ಲ. ಬಸ್ಸು ಹತ್ತಿಸಿದ ಕೈ ನನ್ನದು ಎಂಬ ಮಾತನ್ನು ಅವನು ಯಾರ ಮುಂದೆಯೂ ಆಡಲಿಲ್ಲ, ಆದರೆ ಲೇಥಿನ ಗದ್ದಲದಲ್ಲೂ ಅದು ಕೇಳುತ್ತಿತ್ತು. ಎಂದೋ ಹೆಸರು ಹಚ್ಚಿಟ್ಟಿದ್ದ ಸಣ್ಣ ಕಾರಿನ ಪಾಳಿ ಬಂದಾಗ, ಮಗಳು ಮತ್ತೆ ಬಸುರಾಗಿದ್ದಳು. ಎರಡನೇ ಮಾತಿಲ್ಲದೆ ತಂದ. ಬೆಳಗಾವಿಯ ಗಲ್ಲಿಗಳಲ್ಲಿ ಅದು ಬೆಣ್ಣೆಯಲ್ಲಿ ಕೂದಲು ಎಳೆದಂತೆ ನುಸುಳುತ್ತಿತ್ತು. ಖಡೇಬಜಾರಿನ ಸಂದಣಿಯಲ್ಲಿ ದೊಡ್ಡ ಕಾರುಗಳು ಹಾರ್ನು ಒತ್ತುತ್ತ ನಿಂತಿದ್ದರೆ ಇವನು ತರಕಾರಿ ಗಾಡಿಯ ಬಾಜು ಹಾದು ಹೋಗಿಬಿಡುತ್ತಿದ್ದ. ಪಾರಿಶ್ವಾಡದ ದಾರಿ ಮಾತ್ರ ಅವನ ಲೆಕ್ಕದಲ್ಲಿ ಬಂದಿರಲಿಲ್ಲ.

ಒಳಗೆ ಬಸುರಿಗೆ ಕುಬಸ ಮಾಡುವ ಕಾರ್ಯ ಮುಗಿಯಿತು. ಹಸಿರು ಸೀರೆ, ಹಸಿರು ಬಳೆಯಲ್ಲಿ ಕಾಂತಾ ಹೊರಬಂದಳು. ಅವಳ ಹಿಂದೆ ಅತ್ತೆ ಚಂದ್ರವ್ವ, ಚಂದ್ರವ್ವನ ಅಕ್ಕ ಫಕೀರವ್ವ, ಅವರ ಹಿಂದೆ ಸಾಮಾನು. ಉಡಿ ತುಂಬಿದ ಅಕ್ಕಿ, ಐದು ತೆಂಗಿನಕಾಯಿ, ಹೋಳಿಗೆ ಕಡಬಿನ ಬುತ್ತಿ ಎಲ್ಲ ತುಂಬಿದ ಬುಟ್ಟಿ, ಅದರ ಮೇಲೆ ಹೊಸ ಅಕ್ಕಿಯದೊಂದು ಚೀಲ.

"ಬೀಗರ, ನಾವಿಬ್ರೂ ಖಾನಾಪುರ ತನಕ ಕಳಿಸಾಕ ಬರ್ತೀವಿ" ಎಂದಳು ಚಂದ್ರವ್ವ. "ಬಸುರಿನ್ನ ಒಬ್ಬಾಕಿನ್ನ ಕಳಿಸಬಾರದ್ರಿ."

"ಒಬ್ಬಾಕಿ ಎಲ್ಲಿ, ನಾವಿಬ್ರು ಅದೀವಲ್ರಿ..."

"ನೀವು ಒಯ್ಯಾವ್ರು. ಕಳಿಸಾವ್ರು ಬ್ಯಾರೆ."

ಅಳಿಯ ಮೈಲಾರಲಿಂಗ ತಾನು ಸೈಕಲ್ಲಿನಲ್ಲಿ ಹಿಂದೆ ಬರುವುದಾಗಿ ಹೇಳಿ ಜಾಗ ಬಿಟ್ಟುಕೊಟ್ಟ. ಅದೊಂದೇ ಪುಣ್ಯ. ಕಾಂತಾಳನ್ನು ಮುಂದೆ ಕೂಡಿಸಿ, ಮೂವರು ಹೆಂಗಸರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಾಗ ಕಾರಿನ ಹಿಂಭಾಗ ಎಮ್ಮೆ ನೀರಿಗೆ ಕೂತಂತೆ ಕೂತಿತು. ಗುರುಪುತ್ರಪ್ಪನ ಕಣ್ಣು ಅಳೆಯಿತು: ಎರಡು ಇಂಚು ಹೋಯಿತು.

ಭತ್ತದ ಸುಗ್ಗಿಯ ಚಕ್ಕಡಿಗಳು ಓಡಾಡಿ ದಾರಿಯಲ್ಲಿ ಎರಡು ಆಳದ ಜಾಡು ಬಿದ್ದಿದ್ದವು. ನಡುವೆ ಒಣಗಿ ಕಲ್ಲಾದ ಮಣ್ಣಿನ ದಿಬ್ಬ. ಗಾಲಿ ಜಾಡಿಗೆ ಇಳಿದರೆ ತಳ ದಿಬ್ಬಕ್ಕೆ ತಾಗುತ್ತದೆ. ಜಾಡು ಬಿಟ್ಟು ಮೇಲೆ ಹತ್ತಿದರೆ ಕಾರು ಗದ್ದೆಯ ಕಡೆ ವಾಲುತ್ತದೆ. "ಜಾಡಿನಾಗ ನಡೀರಿ ಬೀಗರ, ಅಜ್ಜನ ಕಾಲದಿಂದ ಎಲ್ಲಾರೂ ಹಂಗ ಹೊಕ್ಕಾರ" ಎಂದು ಹಿಂದಿನಿಂದ ಫಕೀರವ್ವ ದಾರಿ ಹೇಳುತ್ತಿದ್ದಳು. ಚಕ್ಕಡಿಯ ಗಾಲಿ ಆಳೆತ್ತರ, ಇದರದು ಮೊಣಕಾಲೆತ್ತರ ಎಂದು ಅವಳಿಗೆ ಹೇಗೆ ಹೇಳುವುದು?

ಕರ್ರ್ ಎಂದು ಕೆರೆಯಿತು. ಕಾಂತಾ ಬಾಗಿಲ ಹಿಡಿ ಹಿಡಿದಳು. ಗುರುಪುತ್ರಪ್ಪ ನಡೆಯುವ ಮನುಷ್ಯನಿಗಿಂತ ನಿಧಾನಕ್ಕೆ ಬಿಟ್ಟ. ಮತ್ತೆ ಕೆರೆಯಿತು. ಮಗಳ ಮುಖ, ದಾರಿ, ಮತ್ತೆ ಮಗಳ ಮುಖ. ಮೂರನೇ ಸಲಕ್ಕೆ ಕಾರು ನಿಲ್ಲಿಸಿದ. ಡಾಂಬರು ರಸ್ತೆ ಎರಡು ಫರ್ಲಾಂಗಿನಲ್ಲಿ ಕಾಣುತ್ತಿತ್ತು.

"ಚಂದ್ರವ್ವಾರ, ಸಿಟ್ಟ ಆಗಬ್ಯಾಡ್ರಿ. ಅಲ್ಲಿತನಕ ಎಲ್ಲಾರೂ ಇಳದ ನಡೀರಿ. ಚೀಲ, ಬುಟ್ಟಿ ಇಲ್ಲೇ ಬದುವಿನ ಮ್ಯಾಲ ಇಡೂಣು. ಆಮ್ಯಾಗ ತರ್ತೀನಿ."

ಚಂದ್ರವ್ವ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. "ಉಡಿ ತುಂಬಿದ್ದನ್ನ ದಾರ್ಯಾಗ ಇಳಸ್ತಾರೇನ್ರಿ? ತವರಿನ ಹೊಸ್ತಿಲಾ ಮುಟ್ಟೂತನಕ ನೆಲಾ ಕಾಣಬಾರದದು. ಹೋದ ಸಲದ್ದು ಸಾಕಾಗಿಲ್ಲೇನು?"

ಆ ಕೊನೆಯ ಮಾತು ನೆಟ್ಟಗೆ ಬಂದು ಅವನ ಎದೆಗೆ ನಾಟಿತು. ಗಂಗಾದೇವಿ ಕಣ್ಣಿನಲ್ಲೇ 'ಮಾತ ಬೆಳಸಬ್ಯಾಡ್ರಿ' ಎಂದಳು. ದಿಬ್ಬದ ಎತ್ತರ ಅವನಿಗೆ ಗೊತ್ತಿತ್ತು, ಕಾರಿನ ಅಳತೆ ಗೊತ್ತಿತ್ತು. ಆದರೂ ಬೀಗತಿಯ ಮಾತಿಗೆ ಹೆದರಿ ಗೇರು ಹಾಕಿದ.

ಹತ್ತು ಮಾರು ಹೋಗಿರಲಿಲ್ಲ. ದಿಬ್ಬದಲ್ಲಿ ಹೂತಿದ್ದ ಕಲ್ಲೊಂದಕ್ಕೆ ಕಾರಿನ ಹೊಟ್ಟೆ ಬಡಿಯಿತು. ಸದ್ದು ಅವನ ಹಲ್ಲಿನೊಳಗೆ ಕೇಳಿತು. ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಎಂಜಿನ್ನಿನ ಕೆಳಗಿನ ಎಣ್ಣೆಯ ಚೇಂಬರು ಒಡೆದಿದೆ. ಇನ್ನೆರಡು ನಿಮಿಷ ಓಡಿಸಿದರೆ ಎಂಜಿನ್ ಜಾಮಾಗಿ ಕೆಟ್ಟುಹೋಗುತ್ತದೆ. ಚಾವಿ ತಿರುವಿ ಆರಿಸಿದ. ಜಾಡಿನಲ್ಲಿ ಕಪ್ಪು ಎಣ್ಣೆ ಸದ್ದಿಲ್ಲದೆ ಹರಿಯಿತು.

"ಅಪ್ಪಾ" ಎಂದಳು ಕಾಂತಾ. "ಹೊಟ್ಟಿ ಬಿಗಿದಂಗ ಆಗಾಕತ್ತೈತಿ."

ಹಿಂದಿನ ಸೀಟಿನಿಂದ ಗಂಗಾದೇವಿ ಕೈ ಚಾಚಿ ಅವಳನ್ನು ಹಿಡಿದುಕೊಂಡಳು. ಅಷ್ಟರಲ್ಲಿ ದೂರ ಡಾಂಬರಿನ ಮೇಲೆ ಖಾನಾಪುರದ ಕಡೆ ಹೊರಟ ಕೆಂಪು ಬಸ್ಸು ಕಾಣಿಸಿತು. ಮೈಲಾರಲಿಂಗ ಸೈಕಲ್ಲಿನ ಮೇಲೆ ನಿಂತೇ ತುಳಿಯುತ್ತ, ಕೂಗುತ್ತ, ಅದನ್ನು ನಿಲ್ಲಿಸಲು ಧಾವಿಸಿದ.

"ಬಸ್ಸ ಬ್ಯಾಡ!" ಗುರುಪುತ್ರಪ್ಪನ ದನಿ ಒಡೆಯಿತು. "ಮತ್ತ ಆ ಬಸ್ಸಿನ್ಯಾಗ ನಾ ಕುಂದರಸೂದುಲ್ಲ."

ಕಾಂತಾ ಆಗಲೇ ಇಳಿದಿದ್ದಳು. ತಾಯಿಯ ಹೆಗಲು ಹಿಡಿದು ನಡೆಯತೊಡಗಿದಳು. ಅವನು ಇನ್ನೊಂದು ಕಡೆಯಿಂದ ತೋಳು ಹಿಡಿದ. ನಾಲ್ಕು ಹೆಜ್ಜೆ ಆದ ಮೇಲೆ, ಹಿಂದೆ ಬರುತ್ತಿದ್ದ ಅತ್ತೆಗೆ ಕೇಳಿಸದಂತೆ ಅವಳು ಹೇಳಿದಳು:

"ಅಪ್ಪಾ, ಹೋದ ಸಲ ಬಸ್ಸಿನ್ದ ತಪ್ಪಲ್ಲ. ಆವತ್ತ ನೀ ಬರೂಕಿಂತ ಮದಲ, ನಸಿಕಿನ್ಯಾಗ ಶುರು ಆಗಿತ್ತು. ಯಾರಿಗೂ ಹೇಳಲಿಲ್ಲ ನಾ. ತವರಿಗಿ ಹೋಗಿ ಅವ್ವನ ಮುಂದ ಹೇಳೂಣು ಅಂತ ಬಾಯಿ ಮುಚ್ಕೊಂಡ ಬಸ್ಸ ಹತ್ತಿದ್ನಿ."

ಒಂದು ವರ್ಷ ಹೊತ್ತ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಅದರ ಜಾಗಕ್ಕೆ ಬೇರೆಯೇ ಹೆದರಿಕೆ ಬಂದು ಕೂತಿತು.

"ಇವತ್ತ ಏನ ಮುಚ್ಚಿಟ್ಟಿ? ಖರೇ ಹೇಳವ್ವಾ."

ಅವಳು ನೆಲ ನೋಡಿದಳು. "ಏನಿಲ್ಲ. ಮುಂಜಾನಿಂದ ನೀರ ಕುಡದಿಲ್ಲ. ದಾರ್ಯಾಗ ಒಂದಕ್ಕ ಬಂದ್ರ ಕಾರ್ ನಿಂದ್ರಸಪ್ಪಾ ಅಂತ ನಿನಗ ಹೆಂಗ ಹೇಳೂದು, ಅದಕ್ಕ."

ಬಸ್ಸು ನಿಂತಿತ್ತು. ಡ್ರೈವರ್ ವಹಾಬ ಕಿಟಕಿಯಿಂದ ಇಣುಕಿ, ಹಸಿರು ಸೀರೆ ಕಂಡ ಕೂಡಲೇ ತನ್ನ ಹಿಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. "ಏಳ್ರಿ ಸಾವಕಾರ, ಬಸುರಿ ಬಂದಾಳ. ಬಾ ತಂಗಿ. ಯಜಮಾನ್ರ, ಕೊನಿ ಸೀಟ ಒದಿತೈತ್ರಿ, ಇಲ್ಲಿ ಒದಿಯೂದುಲ್ಲ. ದೊಡ್ಡ ಗಾಲಿ, ತಗ್ಗು ನುಂಗತೈತಿ."

"ನಿಮ್ಮ ಕಾರು?" ಎಂದು ಕಂಡಕ್ಟರ್ ಗದ್ದೆಯ ಕಡೆ ತೋರಿಸಿದ. ನಾಲ್ಕೂ ಬಾಗಿಲು ತೆರೆದುಕೊಂಡು ಅದು ಜಾಡಿನಲ್ಲಿ ಕೂತಿತ್ತು. ಚಾವಿಯೂ ಅದರಲ್ಲೇ ಇತ್ತು. ಗುರುಪುತ್ರಪ್ಪ ಮಗಳ ಹಿಂದೆಯೇ ಬಸ್ಸು ಹತ್ತಿದ.

ಖಾನಾಪುರದವರೆಗೆ ಅವನು ಮಗಳ ಸೀಟಿನ ಕಂಬಿ ಹಿಡಿದು ನಿಂತೇ ಬಂದ. ತಗ್ಗು ಬಂದಾಗಲೆಲ್ಲ ತಾನು ಮೊಣಕಾಲು ಮಡಚಿದರೆ ಅವಳಿಗೆ ಪೆಟ್ಟು ಕಡಿಮೆಯಾಗುತ್ತದೆ ಎಂಬಂತೆ ಮಡಚುತ್ತಿದ್ದ. ವಹಾಬ ಹೊರೆ ಹೊತ್ತ ಎತ್ತಿನಂತೆ ಸಾವಕಾಶ ಹೊಡೆಯುತ್ತಿದ್ದ. "ಇದ ವೇಗಕ್ಕ ಸಂತಿ ಮುಗದ ಹೋಗತೈತಿ" ಎಂದು ಹಿಂದಿನಿಂದ ಯಾರೋ ಗೊಣಗಿದರು. "ಹಂಗಾದ್ರ ಇಳದ ಓಡ್ರಿ" ಎಂದು ಫಕೀರವ್ವ ತಿರುಗಿ ಬಿದ್ದಳು.

ದವಾಖಾನೆಯಲ್ಲಿ ನರ್ಸಬಾಯಿ ಕಾಂತಾಳ ಹೊಟ್ಟೆಗೆ ಕೊಳವೆ ಹಚ್ಚಿ ಕಿವಿಯಿಟ್ಟಳು. ಬಾಗಿಲ ಹೊರಗೆ ಗುರುಪುತ್ರಪ್ಪ ಗೋಡೆಗೆ ಒರಗಲೂ ಆಗದೆ ನಿಂತಿದ್ದ. ಬಹಳ ಹೊತ್ತಾಯಿತು ಅನ್ನಿಸಿತು. ಕೊನೆಗೆ ಅವಳು ಹೊರಬಂದಳು.

"ಕೂಸು ಆರಾಮ ಐತ್ರಿ. ತಾಯಿ ಒಣಗ್ಯಾಳ. ಬಸುರಿಗೆ ಕುಬಸಾ ಮಾಡ್ತೀರಿ, ನೀರ ಕುಡಸಾಕ ಬರೂದುಲ್ಲೇನು?"

ನಾಲ್ಕು ಲೋಟ ನೀರು, ಒಂದು ಗಂಟೆಯ ವಿಶ್ರಾಂತಿ. ಬಿಗಿತ ಸಡಿಲಾಯಿತು. ಚಂದ್ರವ್ವ ಅಷ್ಟು ಹೊತ್ತೂ ಬೆಂಚಿನ ಮೇಲೆ ಬುಟ್ಟಿಯನ್ನು ತೊಡೆಯಿಂದ ಇಳಿಸದೆ ಕೂತಿದ್ದಳು. ತೊಡೆ ಮರಗಟ್ಟಿತ್ತೇನೋ, ಕಾಲು ಅಲುಗಾಡಿಸುತ್ತಿದ್ದಳು. "ಬೀಗರ, ಆ ಮಾತ ಆಡಬಾರದಿತ್ತ ನಾ" ಎಂದಳು. ಅವನು ಕೈ ಮುಗಿದ.

ಸಂಜೆಗೆ ಮೈಲಾರಲಿಂಗ ಬಂದ. "ಮಾವಾರ, ಎತ್ತ ಹೂಡಿ ಎಳದ ಕಾರ್ ಮನಿ ಮುಂದ ನಿಂದ್ರಸೇವ್ರಿ. ಬೆಳಗಾವ್ಯಿಂದ ಮಿಸ್ತ್ರಿನ್ನ ಕಳಸ್ತೀರೇನು?"

"ನೋಡೂಣು" ಎಂದು ಗುರುಪುತ್ರಪ್ಪ ಎದ್ದು ಬಸ್ ಸ್ಟ್ಯಾಂಡಿಗೆ ಹೊರಟ.

ಬೆಳಗಾವಿಯ ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುತ್ತಿದರು. ಅವನು ಅದರ ಗಾಲಿಗಳನ್ನು ಒಂದು ಸುತ್ತು ನೋಡಿಬಂದ. ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ತೂರಿಸಿ ಡ್ರೈವರನ ಹಿಂದಿನ ಸೀಟಿನ ಮೇಲೆ ಹಾಸಿದ. ಟವೆಲ್ಲಿನ ಮೇಲೂ ನಂಬಿಕೆ ಬರಲಿಲ್ಲ. ಮಗಳು ನಿಧಾನವಾಗಿ ನಡೆದು ಬರುವವರೆಗೆ, ಹೊರಗೆ ನಿಂತೇ, ಕಿಟಕಿಯೊಳಗೆ ಕೈ ಚಾಚಿ ಆ ಸೀಟನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದ.