ಅಳತೆಯ ದಾರ

ಬೆಳಗಿನ ಮಂಜು ಸಿಂದಗಿಯ ಜೋಳದ ಹೊಲಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ, ಕೌದಿ ಹೊದ್ದರೂ ಚಳಿ ಎಲುಬಿಗೇ ತಾಕುತ್ತಿತ್ತು — ಎಲುಬು ಎಲ್ಲಿದೆ, ಎಲ್ಲೆಲ್ಲೂ ಮಾಂಸವೇ ಇದೆಯಲ್ಲ ಅಂದುಕೊಂಡಳು ಚನ್ನವ್ವ, ಪಡಸಾಲೆಯ ಕಂಬಕ್ಕೆ ಒರಗಿ, ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಅದನ್ನು ಕೇಳಿದರೇ ತೋಳು ಊದಿದ ಹಾಗೆ, ಅದರ ನಡುವೆ ಕಾಶಿಬಾಯಿಯ ನಗು, ಸೋದರತ್ತೆ, ಬರುವ ಮಾಘದಲ್ಲಿ ಗಂಡನ ತಾಯಿಯೂ ಆಗುವವಳು, ನಿನ್ನೆ ಬಾಗೇವಾಡಿಯ ಬಸ್ಸಿಗೆ ಬಂದಿಳಿದಿದ್ದಾಳೆ. ನಗಲಿ. ಶ್ರಾವಣದಲ್ಲಿ ಮದುವೆ ಗೊತ್ತುಮಾಡಿ ಉಡಿ ತುಂಬುವಾಗಲೂ ಹೀಗೇ ನಕ್ಕಿದ್ದಳು, ಓಣಿಯ ಹೆಂಗಸರ ಮುಂದೆ ತೋಳು ಚಿವುಟಿ, ಈಕೀಗಿ ಒಂದು ಕುಪ್ಪಸದ ಖಣ ಎಲ್ಲಿ ಸಾಲ್ತೈತವ್ವ, ಇಡೀ ಅರಿವಿ ತಾನಾನ ತರಬೇಕಾಗಿತ್ತು — ಎಲ್ಲರೂ ನಕ್ಕರು, ಅವ್ವನೂ. ಅವತ್ತಿನಿಂದ ಮೊದಲು ಸೋಮವಾರದ ಉಪವಾಸ, ಆಮೇಲೆ ಅಮಾವಾಸ್ಯೆ, ಆಮೇಲೆ ದಿನವೂ ಒಪ್ಪತ್ತು, ಒಪ್ಪತ್ತಿಗೆ ಕಾಲು ರೊಟ್ಟಿ. ಎಂಥ ಭಕ್ತಿವಂತಿ ಅಂದರು ಮಂದಿ, ಗುಡಿಯ ಬಸವಣ್ಣನಿಗೆ ಮಾತ್ರ ಗೊತ್ತಿತ್ತು ಇದು ಭಕ್ತಿಯಲ್ಲ, ಸೇಡು. ವಿಜಾಪುರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರೋಗ ಕರುಳಿನಾಗ ಇಲ್ಲರಿ, ಹಿಂಗ ಬಿಟ್ರ ಹುಡುಗಿ ಯುಗಾದಿ ಕಾಣೂದಿಲ್ಲ ಅಂದಾಗ ಅಪ್ಪ ಅತ್ತ, ಅವಳಿಗೆ ಒಳಗೊಳಗೇ ತಣ್ಣಗಾಯಿತು — ಅದೇ ಖಣದಲ್ಲಿ ಎರಡು ಕುಪ್ಪಸ ಹೊಲಿಸಬೇಕು, ಒಂದನ್ನು ತೊಟ್ಟು ಇನ್ನೊಂದನ್ನು ಅತ್ತೆಯ ಮುಖಕ್ಕೆ ಎಸೆಯಬೇಕು, ಆಮೇಲೆ ಸತ್ತರೂ ಸರಿ. ಬಾನುಬಿ ಬಂದಳು, ಓಣಿಯ ಹೊಲಿಗೆಯವಳು, ಅಕ್ಷರ ಬಾರದೆ ಒಬ್ಬೊಬ್ಬ ಹೆಂಗಸಿನ ಅಳತೆಗೆ ಒಂದೊಂದು ದಾರ ಗಂಟು ಹಾಕಿ ಇಟ್ಟುಕೊಂಡವಳು, ಏಳವ್ವ ತಂಗಿ, ಅಳತಿ ತಗೋತೇನಿ — ಮುಟ್ಟಬ್ಯಾಡ, ನಾನ ದಾರ ಹರದು ಕೊಡ್ತೇನಿ, ನನ್ನ ಮೈ ನನಗ ಗೊತ್ತಿಲ್ಲೇನು — ಚನ್ನವ್ವ ನೆಲದ ಮೇಲೆ ದಾರ ಎಳೆದಳು, ಇಷ್ಟು, ಇಲ್ಲ, ಇನ್ನೂ ದಪ್ಪ, ಇಷ್ಟು, ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಬಾನುಬಿ ಕೌದಿ ಸರಿಸಿ ಅದನ್ನು ಎದೆಗೂಡಿಗೆ ಸುತ್ತಿದಳು, ಒಂದು ಸುತ್ತು, ಮೇಲೆ ಅರ್ಧ ಸುತ್ತು. ಇದ್ಯಾರ ಅಳತಿನ ತಂಗಿ, ನಿಂದಲ್ಲ ಇದು. ಮೋಸ, ದಾರ ಜಗ್ಗಿದೆ. ಚನ್ನವ್ವ ತಾನೇ ಬಿಚ್ಚಿ ಮತ್ತೆ ಸುತ್ತಿಕೊಂಡಳು, ಒಂದೂವರೆ, ಮತ್ತೆ ಬಿಚ್ಚಿ, ಮತ್ತೆ ಒಂದೂವರೆ — ಹಾಗಾದರೆ ಐದು ತಿಂಗಳು ನಾನು ಉಪವಾಸ ಕೆಡವಿದ್ದು ಯಾರ ಮೈಯನ್ನು, ಈ ಸುತ್ತು ಯಾರದು, ನನ್ನದಲ್ಲದಿದ್ದರೆ ನನಗೆ ತೊಡಿಸಿದವರು ಯಾರು, ತೊಡಿಸಿದವರು — ಕಾಶಿಬಾಯಿ ಚಹಾದ ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಏನವಾ, ಖಣ ಸಾಕಾತೋ ಇಲ್ಲೋ. ಚನ್ನವ್ವ ಕಂಬ ಹಿಡಿದು ಎದ್ದಳು, ದಾರವನ್ನು ನಿಧಾನವಾಗಿ ಸುರುಳಿ ಮಾಡಿದಳು, ಅತ್ತೆಯ ಖಾಲಿ ಕೈಯನ್ನು ಬಿಡಿಸಿ ಅಂಗೈಯಲ್ಲಿಟ್ಟಳು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ತಗೋರಿ ಅತ್ತಿ, ನಿಮ್ಮದು ನನ್ನ ಹತ್ತಿರ ಉಳಿದಿತ್ತು.