ಇಪ್ಪತ್ತೆರಡು ಡ್ರಾಯರುಗಳ ಹಾಯಿದೋಣಿ

ದೋಣಿಗೆ ಡ್ರಾಯರ್ ಯಾಕೆ ಎಂದು ಕೇಳುವವರು ಬೀರು ಮೇಸ್ತ್ರಿಯನ್ನು ಕಂಡವರಲ್ಲ. ಮೂವತ್ತು ವರ್ಷ ಬೀರು, ಕಪಾಟು, ಕನ್ನಡಿಮೇಜು ಮಾಡಿದ ಕೈ ಅದು. ಎಲ್ಲಾದರೂ ಖಾಲಿ ಜಾಗ ಕಂಡರೆ ಅಲ್ಲೊಂದು ಡ್ರಾಯರ್ ಕೂರಿಸುವ ತನಕ ಆ ಮನುಷ್ಯನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅವನ ಮನೆಯಲ್ಲಿ ಮೆಟ್ಟಿಲಿನ ಹೊಟ್ಟೆಯಲ್ಲಿ ಡ್ರಾಯರ್, ಮಂಚದ ಕೆಳಗೆ ಡ್ರಾಯರ್, ದೊಡ್ಡ ಡ್ರಾಯರಿನ ಒಳಗೆ ಸಣ್ಣ ಡ್ರಾಯರ್. ಅವೂ ಎಂಥವು! ಸಂದಿನಲ್ಲಿ ಒಂದು ಹಾಳೆ ಕಾಗದ ತೂರಬಾರದು. ‘ಅಳ್ಳಕ’ ಎಂಬ ಮಾತನ್ನು ಅವನೆದುರು ಆಡಿದ ಗಿರಾಕಿಯೊಬ್ಬ ಅರ್ಧ ದಿನ ಕೂತು ಮರದ ಬಗ್ಗೆ ಪಾಠ ಕೇಳಬೇಕಾಯಿತು.

ಹಾಯಿದೋಣಿ ಬಂದದ್ದು ಕನ್ನಡಕದ ಅಂಗಡಿಯವರ ಹಿತ್ತಿಲಿನಿಂದ. ಹದಿನಾಲ್ಕು ಅಡಿ ಉದ್ದ, ಒಂದು ಕಂಬ, ಎರಡು ಹಾಯಿ. ಎರಡು ಗಾಲಿಯ ಟ್ರೇಲರಿನ ಮೇಲೆ ಟಾರ್ಪಾಲಿನ್ ಹೊದ್ದು ಬಿದ್ದಿತ್ತು. ಅವರಿಗೆ ಬೀರು ಬೇಕಿತ್ತು, ಇವನಿಗೆ ಕಂಡ ಕೂಡಲೇ ದೋಣಿ ಬೇಕಾಯಿತು. ಬೀರು ಅತ್ತ ಹೋಯಿತು, ದೋಣಿ ಇತ್ತ ಬಂತು. ಹಾಯಿ ಕಟ್ಟುವುದನ್ನೂ ಗಾಳಿಗೆ ತಿರುಗಿಸುವುದನ್ನೂ ದೊಡ್ಡ ಕೆರೆಯಲ್ಲಿ ಒಬ್ಬನೇ ಬಿದ್ದು ಎದ್ದು ಕಲಿತ. ಒಂದು ದಿನ ಹಾಯಿ ತುಂಬಿ, ದೋಣಿ ಸದ್ದೇ ಇಲ್ಲದೆ ನೀರು ಸೀಳಿಕೊಂಡು ಹೊರಟಿತು. ಇದನ್ನು ಹೆಂಡತಿ ನೋಡಬೇಕಿತ್ತು ಎಂದು ಮೇಸ್ತ್ರಿಗೆ ಅನ್ನಿಸಿತು. ಅಂದಿನಿಂದ ಅವನಿಗೆ ಇದ್ದದ್ದು ಒಂದೇ ಆಸೆ, ಅವಳು ಒಂದು ಸಲ ಎದುರಿಗೆ ಕೂತು ಬರಬೇಕು.

ಹೆಂಡತಿ ಅಂಚೆ ಕಚೇರಿಯ ಕೌಂಟರಿನವಳು. ಆ ಕೌಂಟರಿನ ಕ್ರಮ ನಿಮಗೆ ಗೊತ್ತೇ ಇದೆ. ಅರ್ಜಿಯಲ್ಲಿ ನಾಲ್ಕು ತಪ್ಪಿದ್ದರೆ ನಾಲ್ಕನ್ನೂ ಒಟ್ಟಿಗೆ ಹೇಳಿದ ಇತಿಹಾಸವಿಲ್ಲ. ಒಂದು ಹೇಳಿ ವಾಪಸ್ ಕಳಿಸಬೇಕು, ಸರಿ ಮಾಡಿಕೊಂಡು ಬಂದವನಿಗೆ ಎರಡನೆಯದನ್ನು ಹೇಳಬೇಕು. ಮೇಸ್ತ್ರಿಯ ಅರ್ಜಿಯೂ ಹಾಗೇ ಓಡಾಡಿತು.

“ಆ ಹಲಗೆ ಮೇಲೆ ಕೂತ್ರೆ ನನ್ನ ಸೊಂಟದ ಗತಿ ಏನ್ರೀ?” ಎಂದಳು. ಮೆತ್ತೆ ಹೊಲಿಸಿದ, ಮೆತ್ತೆ ನೆನೆಯಬಾರದಲ್ಲ, ಅದಕ್ಕೊಂದು ಡ್ರಾಯರ್ ಮಾಡಿದ. “ಬಿಸಿಲು” ಎಂದಳು. ಕೊಡೆಗೆ ಉದ್ದನೆಯ ಡ್ರಾಯರ್ ಬಂತು. “ಗಾಳಿಗೆ ತಲೆ ಕೆದರಿ ದೆವ್ವದ ಥರ ಕಾಣ್ತೀನಿ” ಎಂದಾಗ ಬಾಚಣಿಗೆಗೆ ಒಂದು, ಕನ್ನಡಿಗೆ ಒಂದು. “ಅಷ್ಟು ಹೊತ್ತು ಸುಮ್ನೆ ಕೂತು ಏನ್ ಮಾಡ್ಲಿ?” ಎಂದಾಗ ಉಣ್ಣೆಯ ಉಂಡೆಗೆ ಒಂದು, ಹೆಣಿಗೆ ಕಡ್ಡಿಗಳಿಗೆ ಮತ್ತೊಂದು. ಹೀಗೇ ಮೂರು ವರ್ಷ ಕಳೆದವು, ಡ್ರಾಯರುಗಳು ಇಪ್ಪತ್ತೊಂದಾದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಆ ನೆಲವನ್ನು ದಿನಾ ಹತ್ತರಿ ಹಾಕಿ ಸಮ ಮಾಡುವ ಗಂಡನೂ ಸಿಕ್ಕಿದ್ದ!

ದೋಣಿಯೋ, ಭಾರಕ್ಕೆ ಕತ್ತಿನವರೆಗೆ ನೀರಿನಲ್ಲಿ ಕೂರತೊಡಗಿತು. ಗಾಳಿ ಬಂದರೆ ಯೋಚನೆ ಮಾಡಿ ಒಂದೆರಡು ಮಾರು ಸರಿಯುತ್ತಿತ್ತು. ಬಾತುಕೋಳಿಗಳು ಹಿಂದಿನಿಂದ ಬಂದು ದಾಟಿ ಹೋಗುತ್ತಿದ್ದವು. ಪ್ರತಿ ಭಾನುವಾರ ಟ್ರೇಲರನ್ನು ತನ್ನ ವ್ಯಾನಿಗೆ ಕಟ್ಟಿ ಎಳೆಯುತ್ತಿದ್ದವನು ಹೆಂಡತಿಯ ತಮ್ಮ, ಲಾಂಡ್ರಿಯ ವ್ಯಾನ್ ಓಡಿಸುವವನು.

“ಭಾವ, ಇದು ದೋಣೀನಾ, ಮನೆ ಖಾಲಿ ಮಾಡ್ತಿರೋ ಸಾಮಾನಾ?” ಎಂದು ಅವನು ಕೇಳುತ್ತಿದ್ದ. “ಏರಲ್ಲಿ ನನ್ನ ವ್ಯಾನು ಅಯ್ಯೋ ಅಯ್ಯೋ ಅಂತ ಅಳುತ್ತೆ.”

“ನಿನಗೇನು ಗೊತ್ತಾಗುತ್ತೆ? ನಿಮ್ಮಕ್ಕ ಬಂದಾಗ ಏನೂ ಕಮ್ಮಿ ಆಗಬಾರದು.” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವವರು ಯಾರು?

ಕೊನೆಗೆ ಕೌಂಟರಿನಲ್ಲಿ ತಪ್ಪುಗಳೇ ಮುಗಿದವು. ಹೆಂಡತಿ ನಿಟ್ಟುಸಿರು ಬಿಟ್ಟಳು. “ಆಯ್ತು, ಈ ಭಾನುವಾರ ಬರ್ತೀನಿ. ಆದ್ರೆ ಕೇಳಿಸ್ಕೊಳ್ಳಿ, ಒಂದೇ ಸಲ. ನನಗೆ ಒಗ್ಗಲಿಲ್ಲ ಅಂದ್ರೆ ಈ ಜನ್ಮದಲ್ಲಿ ಮತ್ತೆ ಆ ದೋಣಿ ಸುದ್ದಿ ಎತ್ತಬಾರದು.”

ಮೇಸ್ತ್ರಿ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ಸುಮ್ಮನಿರುತ್ತಿದ್ದ. ಇವನು ದೋಣಿಯ ಸುತ್ತ ಮೂರು ಸುತ್ತು ಹಾಕಿ, ಹಿಂಭಾಗದ ತಳದಲ್ಲಿ ಅಂಗೈಯಷ್ಟು ಖಾಲಿ ಜಾಗ ಕಂಡುಹಿಡಿದ. ಅಲ್ಲೊಂದು ತೂತಿದೆ. ದೋಣಿ ಟ್ರೇಲರಿನ ಮೇಲಿರುವಾಗ ಒಳಗಿನ ನೀರು ಬಸಿದು ಹೋಗಲಿ ಎಂದು ಅದರ ಹಿತ್ತಾಳೆ ಬಿರಡೆಯನ್ನು ತೆಗೆದಿಡುತ್ತಾರೆ, ಕೆರೆಗೆ ಇಳಿಸುವ ಮೊದಲು ಮರೆಯದೆ ಹಾಕುತ್ತಾರೆ. ಆ ಬಿರಡೆ ಇಷ್ಟು ದಿನ ಮೇಸ್ತ್ರಿಯ ಜೇಬಿನಲ್ಲಿರುತ್ತಿತ್ತು. ಪಾಪ, ಅದಕ್ಕೂ ಒಂದು ನೆಲೆ ಬೇಡವೇ? ತೂತಿನ ಮುಂದೆಯೇ ಪುಟ್ಟದೊಂದು ಡ್ರಾಯರ್ ಕೂರಿಸಿ ಬಿರಡೆಯನ್ನು ಅದರೊಳಗೆ ಇಟ್ಟ. ಅದು ಇಪ್ಪತ್ತೆರಡನೆಯದು.

ಭಾನುವಾರ ಕೆರೆಯ ಇಳಿಜಾರಿನಲ್ಲಿ ತಮ್ಮನೂ ಭಾವನೂ ಸೇರಿ ಕಂಬ ಎತ್ತಿ ನಿಲ್ಲಿಸಿದರು, ಮೂರು ಕಡೆಯ ತಂತಿಗಳನ್ನು ಬಿಗಿದರು, ಹಾಯಿ ಏರಿಸಿದರು. ಹೆಂಡತಿ ತೇಲುವ ಜಾಕೆಟನ್ನು ಕತ್ತಿನ ತನಕ ಬಿಗಿದುಕೊಂಡು ತುಟಿ ಕಚ್ಚಿ ನಿಂತಿದ್ದಳು. ಮೇಸ್ತ್ರಿಗೆ ಅದೆಲ್ಲ ಕಾಣಬೇಕಲ್ಲ! “ಇದು ಕರವಸ್ತ್ರಕ್ಕೆ, ಇದು ನಿನ್ನ ಕನ್ನಡಕಕ್ಕೆ, ಇದನ್ನ ಎಳಿ, ಎಳಿ ನೋಡು” ಎಂದು ಡ್ರಾಯರುಗಳ ಮೆರವಣಿಗೆ ಮಾಡಿಸುವ ಸಂಭ್ರಮದಲ್ಲಿ ಇಪ್ಪತ್ತೆರಡನೆಯದನ್ನು ಎಳೆಯುವುದೇ ಮರೆತ. ಗಂಡ ಹೆಂಡತಿ ಹತ್ತಿ ಕೂತರು, ದೋಣಿಯನ್ನು ಅವಳ ತಮ್ಮ ನೀರಿಗೆ ತಳ್ಳಿದ.

ಕೆರೆಯ ನಡುವೆ ಬಂದಾಗ ಹೆಂಡತಿ ಮೆಲ್ಲಗೆ ಕೇಳಿದಳು. “ರೀ, ಕಾಲಿಗೆ ನೀರು ತಾಗ್ತಿದೆ. ಇದಕ್ಕೂ ಏನಾದ್ರೂ ವ್ಯವಸ್ಥೆ ಮಾಡಿದೀರಾ?”

ಮೇಸ್ತ್ರಿ ಬಗ್ಗಿ ನೋಡಿದ. “ಬಿರಡೆ...”

“ಎಲ್ಲಿದೆ?”

“ಡ್ರಾಯರಲ್ಲಿ.”

“ತಡ ಯಾಕೆ, ತೆಗೀರಿ ಮತ್ತೆ!”

ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ, ಹಿಡಿಯೇ ಕಿತ್ತು ಕೈಗೆ ಬಂತು. ಕಾಗದ ತೂರದ ಸಂದು, ಮೇಲೆ ನೀರು ಕುಡಿದು ಉಬ್ಬಿದ ಮರ. ಪಾದ ಮುಳುಗಿತು. ದಡದಿಂದ ಅವಳ ತಮ್ಮ ಕೈ ಬೀಸಿದ. ಅಕ್ಕ ಭಾವ ಖುಷಿಯಾಗಿದ್ದಾರೆ ಎಂದುಕೊಂಡನೋ ಏನೋ.

“ಉಳಿ ಹಾಕಿ ಒಂಚೂರು ಅಂಚು ಕೆತ್ತಿದ್ರೆ ಬರುತ್ತೆ” ಎಂದ ಮೇಸ್ತ್ರಿ. “ಮುಂಭಾಗಕ್ಕೆ ಪೆಟ್ಟಾಗಬಾರದು, ಒಳ್ಳೆ ತೇಗ ಅದು...”

“ನಾವು ಮುಳುಗ್ತಾ ಇದೀವಿ ಕಣ್ರೀ!” ಎಂದು ಹೆಂಡತಿ ಕಿರುಚಿ, ಅವನ ಉಪಕರಣದ ಡ್ರಾಯರಿನಿಂದ ಮರದ ಕೊಡತಿ ಕಿತ್ತುಕೊಂಡಳು. ಅಂಚೆ ಕಚೇರಿಯಲ್ಲಿ ಮೊಹರು ಕುಟ್ಟಿ ಕುಟ್ಟಿ ಪಳಗಿದ ಕೈ. ನಾಲ್ಕೇ ಏಟು! ತೇಗದ ಡ್ರಾಯರ್ ಚೂರುಚೂರಾಯಿತು, ಬಿರಡೆ ಟಣ್ಣೆಂದು ಹಾರಿ ದೋಣಿಯ ಅಂಚಿಗೆ ಬಡಿದು, ಕೆರೆಗೆ ಬಿದ್ದು ಮುಳುಗಿತು.

ಇಬ್ಬರೂ ಅದು ಬಿದ್ದ ಜಾಗವನ್ನೇ ನೋಡಿದರು. ತೂತಿನಿಂದ ನೀರು ಚಿಲುಮೆಯಾಗಿ ಏಳುತ್ತಿತ್ತು. ಹೆಂಡತಿ ಹಿಂದುಮುಂದು ನೋಡದೆ ಚಪ್ಪಲಿ ಒದರಿ, ಬಲಗಾಲಿನ ಹೆಬ್ಬೆರಳನ್ನು ತೂತಿಗೆ ತುರುಕಿದಳು. ನೀರು ನಿಂತಿತು.

“ಮೀನು ಕಚ್ಚುತ್ತಾ?” ಎಂದು ಕೇಳಿದಳು.

“ಕಚ್ಚಲ್ಲ” ಎಂದ ಮೇಸ್ತ್ರಿ. ಗೊತ್ತಿದ್ದು ಹೇಳಿದ್ದಲ್ಲ.

ಕಾಲು ಅಲ್ಲಿ ಸಿಕ್ಕಿಕೊಂಡವಳ ಮಗ್ಗುಲಿಗೇ ಚುಕ್ಕಾಣಿಯ ಹಿಡಿ. “ಅದನ್ನ ಹಿಡ್ಕೋ, ಆಚೆ ದಡದ ಆ ನೀರಿನ ಟ್ಯಾಂಕ್ ಕಡೆ ನೆಟ್ಟಗೆ ಹೋಗಲಿ” ಎಂದು ಮೇಸ್ತ್ರಿ ನೀರು ಎತ್ತಿ ಹಾಕಲು ಬಕೆಟು ಹುಡುಕಿದ. ಇಪ್ಪತ್ತೆರಡು ಡ್ರಾಯರ್ ಮಾಡಿದ ಮಹಾನುಭಾವ ಒಂದು ಬಕೆಟು ಇಟ್ಟಿರಲಿಲ್ಲ! ಮೆತ್ತೆಯ ಡ್ರಾಯರನ್ನೇ ಕಿತ್ತು ಅದರಲ್ಲಿ ಮೊಗೆದು ಚೆಲ್ಲತೊಡಗಿದ. ಒಂದು ಹನಿ ಸೋರಲಿಲ್ಲ. “ನೋಡಿದ್ಯಾ ಕೆಲಸ?” ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

ಮೊಗೆದಷ್ಟೂ ಅಂಚಿನ ಮೇಲಿಂದ ಅಲೆ ಒಳಗೆ ಬರುತ್ತಿತ್ತು. ದೋಣಿ ಅಷ್ಟು ತಗ್ಗಿಗೆ ಇಳಿದಿತ್ತು. “ಭಾರ ಜಾಸ್ತಿ ರೀ. ಎಸೀರಿ!” ಎಂದಳು.

“ಯಾವುದನ್ನ?”

“ಎಲ್ಲಾನೂ!”

ಅವನು ಅವಳನ್ನು ನೋಡಿದ, ಡ್ರಾಯರುಗಳನ್ನು ನೋಡಿದ. ಮೂರು ವರ್ಷದ ಭಾನುವಾರಗಳು ಅವು. ಮೊದಲನೆಯದನ್ನು ಒಮ್ಮೆ ಸವರಿ ಎಸೆದ, ಐದನೆಯದರ ಹೊತ್ತಿಗೆ ಕೈ ಓಡಿತು, ಹತ್ತರ ನಂತರ ಹುರುಪೇ ಬಂತು. ಉಣ್ಣೆ, ಕನ್ನಡಿ, ಕರವಸ್ತ್ರ, ಕೊಡೆ, ಎಲ್ಲ ತಂತಮ್ಮ ಡ್ರಾಯರಿನಲ್ಲಿ ಕೂತು ಸಾಲಾಗಿ ತೇಲಿ ಹೊರಟವು. ದಡದಲ್ಲಿ ಗಾಳ ಹಾಕಿ ಕೂತಿದ್ದವನೊಬ್ಬ ಬಾಚಣಿಗೆಯ ಡ್ರಾಯರನ್ನು ಎಳೆದುಕೊಂಡು, ಒಳಗೆ ನೋಡಿ, ತಲೆ ಬಾಚಿಕೊಂಡ. ಹೆಂಡತಿಯ ತಮ್ಮ ಪ್ಯಾಂಟು ಮಡಚಿ ನೀರಿಗಿಳಿದು, “ಭಾವ, ಬೀರು ಹಿಂದಿನಿಂದ ಬರ್ತಾ ಇದೆಯಾ?” ಎಂದು ಕೂಗಿದ.

ಆಗ ದೋಣಿ ಒಂದು ಗೇಣು ಮೇಲೆದ್ದಿತು. ಹಾಯಿ ಫಟ್ಟೆಂದು ತುಂಬಿತು. ಮೂರು ವರ್ಷದಿಂದ ತೆವಳುತ್ತಿದ್ದ ದೋಣಿ ನೀರು ಸೀಳಿಕೊಂಡು ಓಡಿತು. ಚುಕ್ಕಾಣಿ ಹಿಡಿದವಳು “ಅಮ್ಮಾ!” ಎಂದಳು, ಹಿಡಿಯನ್ನು ಮಾತ್ರ ಬಿಡಲಿಲ್ಲ. ತಲೆ ಕೆದರಿತ್ತು, ಸೀರೆ ಮಂಡಿಯ ತನಕ ಒದ್ದೆ, ಹೆಬ್ಬೆರಳು ಕೆರೆಯಲ್ಲಿ. ಬಾತುಕೋಳಿಗಳು ಹಿಂದೆ ಉಳಿದವು.

ಮೇಸ್ತ್ರಿ ಖಾಲಿ ದೋಣಿಯಲ್ಲಿ ಅವಳ ಎದುರಿಗೆ ಕುಕ್ಕರಿಸಿದ. ಎಲ್ಲ ಕೆಟ್ಟಿತು, ಮತ್ತೆ ಕೇಳುವ ಹಾಗೂ ಇಲ್ಲ ಎಂದು ಅವನ ಕಣ್ಣು ತುಂಬಿತ್ತು. “ತಪ್ಪಾಯ್ತು ಕಣೆ. ನಿನಗೆ ಏನೇನೂ ಕಮ್ಮಿ ಆಗಬಾರದು ಅಂತ...”

“ಕಮ್ಮಿ ಏನೂ ಇರಲಿಲ್ಲ ರೀ” ಎಂದಳು ಹೆಂಡತಿ. “ನನಗೆ ನೀರು ಅಂದ್ರೆ ಭಯ. ಚಿಕ್ಕೋಳಿದ್ದಾಗಿಂದ. ಹೇಳೋಕೆ ನಾಚಿಕೆ ಆಗಿ ಸೊಂಟ ಅಂದೆ, ಬಿಸಿಲು ಅಂದೆ.”

ಒಂದಾದ ಮೇಲೊಂದು ಅಷ್ಟು ಡ್ರಾಯರ್ ಮಾಡಿದ ಮೇಸ್ತ್ರಿಯ ತಲೆಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. “ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಅದಕ್ಕೂ ಒಂದು ಡ್ರಾಯರ್ ಮಾಡ್ತಿದ್ರಿ.”

ಅವನಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತೋಳಿಗೆ ಒರೆಸಿಕೊಂಡ. ಹಾಯಿಯ ಹಗ್ಗಕ್ಕೆ ಕೈ ಹಾಕಿದ. “ಈಗಲೂ ಭಯ ಆಗ್ತಿದೆಯಾ? ದಡಕ್ಕೆ ತಿರುಗಿಸ್ತೀನಿ ಇರು.”

“ಆಗ್ತಿದೆ” ಎಂದಳು. ಟ್ಯಾಂಕಿನ ಕಡೆಗೇ ನೆಟ್ಟಿದ್ದ ಕಣ್ಣು ತೆಗೆಯಲಿಲ್ಲ. “ನೀವು ಆ ಹಗ್ಗ ಬಿಟ್ಟು ಸುಮ್ನೆ ಕೂತ್ಕೊಳ್ಳಿ. ಇನ್ನೊಂದು ಸುತ್ತು ಹೋಗೋಣ.”